ಅಪ್ಪನ ಹಗ್ಗ, ಮಗಳ ಲೆಕ್ಕ

ಬಿ.ಎ. ಪದವಿಯ ಕಾಗದ ಕೈಗೆ ಬಂದ ದಿನ, ಇನ್ನು ಜನ್ಮದಲ್ಲಿ ಪರೀಕ್ಷೆಯ ಕಾಟವಿಲ್ಲವೆಂದು ನಾವು ನಿಟ್ಟುಸಿರು ಬಿಟ್ಟಿದ್ದೆವು. ಆ ನಿಟ್ಟುಸಿರು ಅಕಾಲದ್ದೆಂಬುದು ತಿಳಿದದ್ದು ಮಗಳು ಏಳನೆಯ ಇಯತ್ತೆಗೆ ಕಾಲಿಟ್ಟ ಮೇಲೆ. ಪರೀಕ್ಷೆ ಅವಳದು, ಉತ್ತರ ಹೇಳಬೇಕಾದವರು ನಾವು. ಕಚೇರಿಯಿಂದ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಡೊಂಬಿವಲಿಗೆ ಬಂದು, ಕಾಲು ತೊಳೆದು ಚಹದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಗಣಿತದ ಪುಸ್ತಕ ಮಡಿಲಿಗೆ ಬಂದು ಬೀಳುತ್ತದೆ. ಬಟ್ಟಲಿನ ಚಹ ಆರುತ್ತದೆ. ನಮ್ಮ ಹಣೆ ಬೆವರುತ್ತದೆ.

ಆ ದಿನ ಬಂದ ಲೆಕ್ಕ ಇದು: ಒಂದು ಆಯತಾಕಾರದ ತೋಟದ ಉದ್ದವು ಅದರ ಅಗಲಕ್ಕಿಂತ 7 ಮೀಟರು ಹೆಚ್ಚು. ತೋಟದ ಸುತ್ತಳತೆ 54 ಮೀಟರು. ಹಾಗಾದರೆ ಉದ್ದವೆಷ್ಟು, ಅಗಲವೆಷ್ಟು?

ಪುಸ್ತಕ ಇಂಗ್ಲಿಷಿನದು. ಸುತ್ತಳತೆಗೆ ಶಾಲೆಯಲ್ಲಿ ಪೆರಿಮೀಟರ್ ಎನ್ನುತ್ತಾರೆ. ಪಕ್ಕದ ಮನೆಯ ಮರಾಠಿ ಗೆಳತಿ ಪರಿಮಿತಿ ಎನ್ನುತ್ತಾಳೆ. ಉದ್ದ ಅಗಲಗಳು ಅವಳ ಬಾಯಲ್ಲಿ ಲಾಂಬಿ ರುಂದಿ. ಈ ಮೂರು ಭಾಷೆಗಳ ನಡುವೆ ನಮ್ಮ ಹುಡುಗಿ ದಾರಿ ತಪ್ಪಿ ಕುಳಿತಿದ್ದಳು. "ನನಗ ಗಣಿತ ಬರೂದಿಲ್ಲಪ್ಪಾ, ನಾ ದಡ್ಡಿ ಇದ್ದೀನಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಹನ್ನೆರಡು ವರ್ಷದ ಮಗು ತನ್ನ ಬುದ್ಧಿಯ ಮೇಲೆ ತಾನೇ ಷರಾ ಬರೆದುಕೊಳ್ಳುವುದನ್ನು ನೋಡಿದರೆ, ದಿನವೂ ಷರಾ ಬರೆಯುವುದೇ ಕಸುಬಾಗಿರುವ ನಮ್ಮಂಥ ಗುಮಾಸ್ತರಿಗೂ ಸಂಕಟವಾಗುತ್ತದೆ.

"ಮೊದಲು ಕನ್ನಡದಲ್ಲಿ ಹೇಳು. ಸುತ್ತಳತೆ ಅಂದರ ಏನು?" ಎಂದು ಕೇಳಿದೆವು.

"ಸುತ್ತಿದರ ಆಗೂ ಅಳತಿ" ಎಂದಳು.

"ಗುಡಿಗೆ ಪ್ರದಕ್ಷಿಣೆ ಹಾಕಿದಂಗ?"

"ಹೂಂ."

ಅರ್ಧ ಲೆಕ್ಕ ಅಲ್ಲಿಗೇ ಮುಗಿಯಿತು. ಕನ್ನಡದ ಆ ಶಬ್ದದಲ್ಲಿಯೇ ಅದರ ಅರ್ಥವಿದೆ. ಪೆರಿಮೀಟರ್ ಎಂಬ ಗ್ರೀಕ್ ಮೂಲದ ಶಬ್ದಕ್ಕೂ ಅರ್ಥ ಅದೇ, ಸುತ್ತಲಿನ ಅಳತೆ. ಆದರೆ ಡೊಂಬಿವಲಿಯ ಮಗುವಿಗೆ ಗ್ರೀಕ್ ಹೇಗೆ ತಿಳಿಯಬೇಕು?

ಇನ್ನು ಉಳಿದದ್ದು ಬೀಜಗಣಿತ. ಗೊತ್ತಿಲ್ಲದ ಅಗಲಕ್ಕೆ ಒಂದು ಹೆಸರು ಇಡಬೇಕು. ನಮ್ಮ ಊರ ಕಡೆಯ ಹಿರಿಯರು ಎಕ್ಸ್ ಎನ್ನುವಲ್ಲಿ 'ಕ್ಷ' ಎನ್ನುತ್ತಿದ್ದರು, ಕ್ಷ-ಕಿರಣದ ಕ್ಷ. ಗೊತ್ತಿಲ್ಲದ್ದಕ್ಕೆ ಎಕ್ಸ್ ಎಂದು ಬರೆಯುವ ರೂಢಿ 1637ರಲ್ಲಿ ಫ್ರಾನ್ಸಿನ ಡೆಕಾರ್ಟ್ ಪ್ರಕಟಿಸಿದ ಜ್ಯಾಮಿತಿಯ ಗ್ರಂಥದಿಂದ ಬೆಳೆದುಬಂತು. ಅದಕ್ಕಿಂತ ಐದು ಶತಮಾನ ಹಿಂದೆ, 1150ರಲ್ಲಿ, ನಮ್ಮ ಭಾಸ್ಕರಾಚಾರ್ಯನು ಅದನ್ನು 'ಯಾವತ್ತಾವತ್' ಎಂದು ಕರೆದಿದ್ದ. ಎಂದರೆ 'ಎಷ್ಟೋ ಅಷ್ಟು'. ಗೊತ್ತಿಲ್ಲದ ರಾಶಿಗಳು ಒಂದಕ್ಕಿಂತ ಹೆಚ್ಚಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿಡುತ್ತಿದ್ದರು. 'ಎಷ್ಟೋ ಅಷ್ಟು' ಎಂಬುದು ನಮ್ಮ ಮಗಳಿಗೆ ಬಹಳ ಹಿಡಿಸಿತು. ಗೊತ್ತಿಲ್ಲವೆಂದು ಅಳುವ ಬದಲು, ಎಷ್ಟೋ ಅಷ್ಟಿರಲಿ ಎಂದು ಮುಂದಕ್ಕೆ ಹೋಗುವುದೇ ಬೀಜಗಣಿತ ಎಂದು ಹೇಳಿದೆವು.

ಅವಳು ಬರೆದಳು: ಕ್ಷ + ಕ್ಷ + 7 = 54. ಎರಡು ಕ್ಷ 47. ಒಂದು ಕ್ಷ ಇಪ್ಪತ್ತಮೂರೂವರೆ.

ನಾವು ತಪ್ಪೆನ್ನಲಿಲ್ಲ. "ತಾಳೆ ನೋಡು" ಎಂದೆವು. ಕಚೇರಿಯಲ್ಲಿ ಇಪ್ಪತ್ತು ರೂಪಾಯಿಯ ಬಿಲ್ಲಾದರೂ ತಾಳೆ ನೋಡದೆ ಮುಂದಕ್ಕೆ ಕಳಿಸುವ ಪದ್ಧತಿಯಿಲ್ಲ. ಅಗಲ ಇಪ್ಪತ್ತಮೂರೂವರೆ, ಉದ್ದ ಮೂವತ್ತೂವರೆ. ನಡೆಯುತ್ತಾ ಹೋಗು ಎಂದೆವು. ಅವಳು ಹಾಸಿಗೆಯ ಸುತ್ತ ನಡೆದಳು. ಒಂದು ಉದ್ದ, ಒಂದು ಅಗಲ ನಡೆಯುವಷ್ಟರಲ್ಲಿ 54 ಮುಗಿದುಹೋಯಿತು; ಅವಳು ಹೊರಟ ಮೂಲೆಯ ಎದುರಿನ ಮೂಲೆಯಲ್ಲಿ ನಿಂತಿದ್ದಳು. "ಅಯ್ಯ, ಅರ್ಧಾ ಪ್ರದಕ್ಷಿಣಿ ಆತು!" ಎಂದು ತಾನೇ ನಕ್ಕಳು. ಸುತ್ತಳತೆಯ ಲೆಕ್ಕದಲ್ಲಿ ಹತ್ತು ಮಕ್ಕಳಲ್ಲಿ ಎಂಟು ಜನ ಮುಗ್ಗರಿಸುವುದು ಇಲ್ಲಿಯೇ ಇರಬೇಕು. ಹೋದ ದಾರಿಯನ್ನು ಬರೆಯುತ್ತಾರೆ, ಬಂದ ದಾರಿಯನ್ನು ಮರೆಯುತ್ತಾರೆ.

ಸುತ್ತಳತೆ 54 ಆದರೆ ಒಂದು ಉದ್ದ ಒಂದು ಅಗಲ ಸೇರಿ ಅದರ ಅರ್ಧ, 27. ಆದುದರಿಂದ ಕ್ಷ + ಕ್ಷ + 7 = 27. ಏಳನ್ನು ಆಚೆಗೆ ಸಾಗಿಸಿದರೆ ಎರಡು ಕ್ಷ ಎಂದರೆ 20. ಅಗಲ 10, ಉದ್ದ 17. ಹೀಗೆ ಆಚೆಗೆ ಸಾಗಿಸುವುದಕ್ಕೆ ಕನ್ನಡ ಗಣಿತದಲ್ಲಿ ಪಕ್ಷಾಂತರ ಎಂದು ಹೆಸರು. ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗುತ್ತದೆ. ಅಧಿಕವಿದ್ದದ್ದು ಋಣವಾಗುತ್ತದೆ, ಋಣವಿದ್ದದ್ದು ಅಧಿಕವಾಗುತ್ತದೆ. ರಾಜಕೀಯದಲ್ಲಿಯೂ ನಿಯಮ ಹೀಗೆಯೇ ಇದೆ. ಅಲ್ಲಿನ ಪಕ್ಷಾಂತರಕ್ಕೆ 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯ ಮೂಲಕ ಕಡಿವಾಣ ಹಾಕಿದರು. ಗಣಿತದ ಪಕ್ಷಾಂತರಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ, ಚಿಹ್ನೆ ಬದಲಿಸುವ ಪ್ರಾಮಾಣಿಕತೆ ಇದ್ದರೆ ಸಾಕು. ಈ ವಿನೋದಕ್ಕೆ ಮಗಳು ನಗಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಇವಳ ತಾಯಿ ನಕ್ಕದ್ದು ಕೇಳಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮುಂದಿನ ವಾರ ಶಾಲೆಯಲ್ಲಿ, ಪ್ರತಿಯೊಬ್ಬರೂ ತಮ್ಮ ಮನೆಯದೇ ಒಂದು ಸುತ್ತಳತೆಯ ಲೆಕ್ಕ ಮಾಡಿಕೊಂಡು ಬರಬೇಕೆಂದು ಹೇಳಿದರು. ಅದೇ ಭಾನುವಾರ ಊರಿನಿಂದ ಅಣ್ಣನ ಫೋನು ಬಂತು.

ನಮ್ಮ ಊರು ಗದಗದ ಹತ್ತಿರದ ಒಂದು ಹಳ್ಳಿ. ಮಕ್ಕಳು ನಾವಿಬ್ಬರೇ. ಅಣ್ಣ ಅಲ್ಲಿಯೇ ಹೊಲ ಮನೆ ನೋಡಿಕೊಂಡು ಅವ್ವನನ್ನು ಇಟ್ಟುಕೊಂಡಿದ್ದಾನೆ. ನಾವು ನೌಕರಿಯ ಬೆನ್ನು ಹತ್ತಿ ಇಲ್ಲಿಗೆ ಬಂದೆವು. ಮನೆಯ ಹಿಂದೆ ಎರಡು ಹಿತ್ತಲುಗಳಿವೆ, ಒಂದಕ್ಕೊಂದು ತಗಲಿಕೊಂಡು. ಒಂದು ಸಂದಿಯ ಗುಂಟ ಉದ್ದಕ್ಕೆ ಹೋದದ್ದು, ಇನ್ನೊಂದು ಅಗಲವಾದದ್ದು. ತಂದೆಯವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು, ಬಂಡಿಯ ಹೇರು ಬಿಗಿಯುವ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ ಒಂದು ಹಿತ್ತಲಿನ ಸುತ್ತ ಎಳೆದರು. ಅದೇ ಹಗ್ಗವನ್ನು ಬಿಚ್ಚಿ ಇನ್ನೊಂದರ ಸುತ್ತ ಎಳೆದರು. ಎರಡು ಸಲವೂ ಹಗ್ಗದ ತುದಿಗೆ ತುದಿ ಸರಿಯಾಗಿ ಕೂಡಿತು. "ನೋಡ್ರಿ, ಸುತ್ತು ಒಂದ. ಉದ್ದಂದು ದೊಡ್ಡವಂಗ, ಅಗಲಂದು ಸಣ್ಣವಂಗ. ನಾಳೆ ಯಾರೂ ಹೆಚ್ಚು ಕಡಿಮಿ ಅನ್ನಬಾರದು" ಎಂದರು. ನಾವು ಯಾರೂ ಅನ್ನಲಿಲ್ಲ. ಕಾಗದಪತ್ರ ಅವರ ಹೆಸರಿನಲ್ಲಿಯೇ ಉಳಿಯಿತು; ಹಂಚಿಕೆ ಬಾಯಿಮಾತಿನಲ್ಲಿ ನಿಂತಿತು.

ಈಗ ಬೇಲಿ ಮುರಿದಿದೆ, ತಂತಿ ಹಾಕಿಸಬೇಕು, ಎರಡೂ ಹಿತ್ತಲಿನ ಸುತ್ತು ಒಂದೇ ಇರುವುದರಿಂದ ಖರ್ಚು ಅರ್ಧರ್ಧ ಎಂದು ಹೇಳುವುದಕ್ಕೆ ಅಣ್ಣ ಫೋನು ಮಾಡಿದ್ದ. ಮಗಳು ಫೋನು ಕಸಿದುಕೊಂಡು, "ದೊಡ್ಡಪ್ಪಾ, ನನಗ ಒಂದು ಲೆಕ್ಕ ಬೇಕು" ಎಂದಳು. ಅಣ್ಣ ಹಳ್ಳಿಯ ಶಾಲೆಯಲ್ಲಿ ಬಾಯಿಲೆಕ್ಕದಲ್ಲಿ ಯಾರಿಗೂ ಸೋತವನಲ್ಲ. ಒಗಟಿನಂತೆ ಹೇಳಿದ: "ಬರಕೋ ಮಗಳ. ಎರಡು ಹಿತ್ತಲ, ಒಂದೊಂದರ ಸುತ್ತಳತಿ 200 ಅಡಿ. ನಿಮ್ಮದರಾಗ ಉದ್ದ ಅಗಲಕ್ಕಿಂತ 20 ಅಡಿ ಹೆಚ್ಚು. ನಮ್ಮದರಾಗ ಉದ್ದ ಅಗಲದ ನಾಕು ಪಾಲು. ಯಾವದು ಎಷ್ಟು ಹೇಳು ನೋಡೂಣು."

ಹುಡುಗಿ ಈಗ ಪಳಗಿದ್ದಳು. ನಮ್ಮ ಹಿತ್ತಲು: ಕ್ಷ + ಕ್ಷ + 20 = 100. ಕ್ಷ 40, ಅಗಲ 40 ಅಡಿ, ಉದ್ದ 60. ದೊಡ್ಡಪ್ಪನ ಹಿತ್ತಲು: ಕ್ಷ + 4 ಕ್ಷ = 100. ಐದು ಕ್ಷ ನೂರಾದರೆ ಒಂದು ಕ್ಷ 20. ಅಗಲ 20, ಉದ್ದ 80. ತಾಳೆ ನೋಡಿದಳು, ಎರಡರ ಪ್ರದಕ್ಷಿಣೆಯೂ 200ಕ್ಕೆ ಸರಿಯಾಗಿ ಮುಗಿಯಿತು. ನಾವು ಬೆನ್ನು ತಟ್ಟಿದೆವು. ಆಗ ಅವಳು ಯಾರೂ ಕೇಳದ ಇನ್ನೊಂದು ಸಾಲು ಬರೆದಳು. ಹಿಂದಿನ ಪಾಠದಲ್ಲಿ ವಿಸ್ತೀರ್ಣವೂ ಆಗಿತ್ತು.

60 ಗುಣಿಲೆ 40, 2400 ಚದರಡಿ. 80 ಗುಣಿಲೆ 20, 1600 ಚದರಡಿ.

"ಅಪ್ಪಾ, ದೊಡ್ಡಪ್ಪಗ 800 ಕಡಿಮಿ ಬಂದದ ಅಲ್ಲ?"

ನಾವು ಪೆನ್ನು ತೆಗೆದುಕೊಂಡು ಮತ್ತೆ ಗುಣಿಸಿದೆವು. 1089 ಚದರಡಿಗೆ ಒಂದು ಗುಂಟೆಯಾದರೆ, ನಮ್ಮದು ಎರಡು ಗುಂಟೆಯನ್ನು ಮೀರಿತ್ತು. ಅಣ್ಣನದು ಒಂದೂವರೆ ಗುಂಟೆಯನ್ನೂ ಮುಟ್ಟಿರಲಿಲ್ಲ. ಹಗ್ಗ ಒಂದೇ, ನೆಲ ಮಾತ್ರ ಬೇರೆ ಬೇರೆ.

ಇದು ಹೇಗಾಯಿತೆಂಬುದನ್ನು ಆ ರಾತ್ರಿ ಬೀಜಗಣಿತವೇ ಹೇಳಿಕೊಟ್ಟಿತು. ಸುತ್ತಳತೆ 200 ಇದ್ದರೆ ಉದ್ದ ಅಗಲ ಸೇರಿ 100. ಎರಡೂ ಸರಿಸಮವಾದರೆ 50, 50, ವಿಸ್ತೀರ್ಣ 2500. ಅಗಲ 50ಕ್ಕಿಂತ ಕ್ಷ ಕಡಿಮೆಯಾದರೆ ಉದ್ದ 50ಕ್ಕಿಂತ ಕ್ಷ ಹೆಚ್ಚಾಗಲೇಬೇಕು. ಇವೆರಡನ್ನೂ ಗುಣಿಸಿದರೆ ಬರುವುದು 2500ರಲ್ಲಿ ಕ್ಷದ ವರ್ಗವನ್ನು ಕಳೆದದ್ದು. ನಮ್ಮ ಹಿತ್ತಲಿನಲ್ಲಿ ಕ್ಷ 10; ಕಳೆದುಕೊಂಡದ್ದು 100. ಅಣ್ಣನದರಲ್ಲಿ ಕ್ಷ 30, ಕಳೆದುಕೊಂಡದ್ದು 900. ವ್ಯತ್ಯಾಸ ಮೂರು ಪಟ್ಟಾದರೆ ನಷ್ಟ ಒಂಬತ್ತು ಪಟ್ಟು. ಆಯತಗಳಲ್ಲೆಲ್ಲ ಚೌಕವೇ ಲಾಭದ್ದು. ಸಪೂರವಾದಷ್ಟೂ ಬೇಲಿ ಅಷ್ಟೇ ತಿನ್ನುತ್ತದೆ, ಬೆಳೆಯುವ ನೆಲ ಕರಗುತ್ತದೆ.

ತಂದೆಯವರೊಬ್ಬರೇ ಹೀಗೆ ಮೋಸಹೋದವರೆಂದು ತಿಳಿಯಬಾರದು. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ತನ್ನ ಕಾಲದ ಜನರಿಗೆ ಇದನ್ನೇ ಹೇಳಿ ದಣಿದಿದ್ದ. ಮೆಗಲೊಪೊಲಿಸ್ ನಗರದ ಸುತ್ತು 50 ಸ್ಟೇಡಿಯ, ಸ್ಪಾರ್ಟಾದ ಸುತ್ತು 48. ಆದರೂ ಸ್ಪಾರ್ಟಾ ಇದರ ಎರಡರಷ್ಟು ದೊಡ್ಡದೆಂದರೆ ಯಾರೂ ನಂಬುವುದಿಲ್ಲವೆಂದು ಆತ ಬರೆದ. 5ನೆಯ ಶತಮಾನದ ಪ್ರೋಕ್ಲಸ್, ಯೂಕ್ಲಿಡನ ಮೇಲಿನ ತನ್ನ ವ್ಯಾಖ್ಯಾನದಲ್ಲಿ, ಸುತ್ತು ಹೆಚ್ಚಿರುವ ಸಣ್ಣ ಹೊಲವನ್ನು ಪಾಲುಗಾರನಿಗೆ ಕೊಟ್ಟು, ಸುತ್ತು ಕಡಿಮೆಯಿರುವ ದೊಡ್ಡ ಹೊಲವನ್ನು ತಾವು ಇಟ್ಟುಕೊಂಡು ಉದಾರಿಗಳೆನ್ನಿಸಿಕೊಂಡ ಜಾಣರ ಸಂಗತಿ ತಿಳಿಸಿದ್ದಾನೆ. ಇದನ್ನು ಓದುವಾಗ ನಮ್ಮ ಕಿವಿ ಬೆಚ್ಚಗಾಯಿತು. ನಾವು ಜಾಣತನ ಮಾಡಿರಲಿಲ್ಲ, ನಿಜ. ಆದರೆ ಜಾಣರ ಪಾಲೇ ನಮಗೆ ಬಂದಿತ್ತು.

ನಮ್ಮ ನಾಡಿನಲ್ಲಿ ಈ ವಿದ್ಯೆ ಇರಲಿಲ್ಲವೆಂದೂ ಅಲ್ಲ. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದ. ಅದರಲ್ಲಿ ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷಿಗೆ ಅನುವಾದಿಸಿ 1912ರಲ್ಲಿ ಮದರಾಸಿನಿಂದ ಪ್ರಕಟವಾಗುವಂತೆ ಮಾಡಿದರು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಂಥ ನಾಡಿನವರಾದ ನಾವು ಹಿತ್ತಲನ್ನು ಹಗ್ಗದಿಂದ ಹಂಚಿಕೊಂಡೆವು.

ಓದುಗರೇ, ಇನ್ನು ಮುಂದಿನದನ್ನು ಬರೆಯುವುದು ಸ್ವಲ್ಪ ಕಷ್ಟ. ಆ ಲೆಕ್ಕದ ಹಾಳೆಯನ್ನು ನಾವು ನಾಲ್ಕು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆವು. ಅಣ್ಣನಿಗೆ ಹೇಳಲಿಲ್ಲ. ಊರಿನ ರಸ್ತೆ ಅಗಲವಾಗಿದೆ, ಜಾಗಕ್ಕೆ ಬೆಲೆ ಬಂದಿದೆ. ನಾವು ಸಂಸಾರ ಹೂಡಿರುವ ಈ ಮನೆ 380 ಚದರಡಿಯದು. ಅದರ ಸಾಲ ತೀರುವುದಕ್ಕೆ ಇನ್ನೂ ಹದಿನಾಲ್ಕು ವರ್ಷ ಬೇಕು. 800 ಚದರಡಿ ಎಂದರೆ ಇಂಥ ಮನೆ ಎರಡಾಗಿ ಮೇಲೆ ಮಿಗುತ್ತದೆ. ಹಂಚಿದವರು ತಂದೆಯವರು, ಒಪ್ಪಿದವನು ಅಣ್ಣ, ನಮ್ಮ ತಪ್ಪೇನು ಎಂದು ಲೋಕಲ್ ಗಾಡಿಯಲ್ಲಿ ನಿಂತು ನಮಗೆ ನಾವೇ ವಕಾಲತ್ತು ವಹಿಸಿಕೊಂಡೆವು. ಇನ್ನೊಂದು ಹುಳವೂ ತಲೆಯಲ್ಲಿ ಕೊರೆಯುತ್ತಿತ್ತು. ಅಣ್ಣ ಬಾಯಿಲೆಕ್ಕದಲ್ಲಿ ಗಟ್ಟಿಗ. ಆ ಒಗಟನ್ನು ಹೇಳುವಾಗ ಅವನಿಗೆ ಉತ್ತರ ಗೊತ್ತಿರಲಿಲ್ಲವೇ? ಮಗುವಿನ ಕೈಯಲ್ಲಿ ನಮಗೆ ಚೀಟಿ ಕಳಿಸಿದನೇ?

ಐದನೆಯ ದಿನ ಊಟದ ಹೊತ್ತಿನಲ್ಲಿ ಮಗಳು, "ದೊಡ್ಡಪ್ಪಗ ಹೇಳಿದ್ರೇನಪ್ಪಾ?" ಎಂದು ಕೇಳಿದಳು. ನಾವು, "ಅದೆಲ್ಲಾ ದೊಡ್ಡವರ ವ್ಯವಹಾರ, ನಿನ್ನ ಲೆಕ್ಕ ಮುಗೀತಲ್ಲ" ಎಂದೆವು. ಆಕೆ ಸುಮ್ಮನಾದಳು. ತಾಯಿ ಸುಮ್ಮನಿರಲಿಲ್ಲ. ಸಾರು ಬಡಿಸುತ್ತಾ, "ಹುಡುಗಿಗೆ ತಾಳೆ ನೋಡೂದು ಕಲಿಸಿದವ್ರು ನೀವ ಅಲ್ಲೇನ್ರಿ?" ಎಂದಳು. ಅಷ್ಟೇ. ಅನ್ನ ಗಂಟಲಿನಲ್ಲಿ ನಿಂತಂತಾಯಿತು.

ಕೈ ತೊಳೆದವರೇ ಅಣ್ಣನಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ಅಣ್ಣ ನಕ್ಕ.

"ತಮ್ಮಾ, ಅದು ನನಗ ಅವತ್ತ ಗೊತ್ತಾಗಿತ್ತೋ. ಅಪ್ಪಾರು ಹಗ್ಗಾ ಹಿಡದು ಬಿಸಲಾಗ ನಿಂತಿದ್ರು. ಅಷ್ಟು ಖುಷಿಯಿಂದ ಸಮಾ ಆತು ಅಂದ್ರು. ಅವರ ಮುಂದ ಅಲ್ಲ ಅನ್ನೂದು ಹ್ಯಾಂಗ?"

"ಅವರು ಹೋದ ಮ್ಯಾಲ ನನಗರ ಹೇಳಬೇಕಿತ್ತಲ್ಲಣ್ಣಾ."

"ನಾ ಹೇಳಿದ್ರ ಕೇಳಿದಂಗಾಗತಿತ್ತು. ನೀನ ನೋಡಿದ್ರ ಬ್ಯಾರೆ ಮಾತು."

ಒಗಟು ಬೇಕೆಂದೇ ಹೇಳಿದ್ದೋ ಹೇಗೆ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ದೀಪಾವಳಿಗೆ ಊರಿಗೆ ಹೋದೆವು. ಅಣ್ಣ ಬೇಡವೆಂದು ಎರಡು ದಿನ ಹಟ ಹಿಡಿದ. ನಾವೂ ಅವನ ತಮ್ಮನೇ ಆದುದರಿಂದ ನಮ್ಮ ಹಟವೂ ಕಡಿಮೆಯಾಗಿರಲಿಲ್ಲ. ಕೊನೆಗೆ ಲೆಕ್ಕ ಮಾಡಿದವಳು ಮಗಳೇ. ಎರಡೂ ಸೇರಿ 4000 ಚದರಡಿ, ಒಬ್ಬೊಬ್ಬರಿಗೆ 2000. ನಮ್ಮ ಕಡೆಯಿಂದ ಹೋಗಬೇಕಾದದ್ದು 400. ಎರಡು ಹಿತ್ತಲುಗಳು ಕೂಡುವ ಗೆರೆ ನಮ್ಮ 40 ಅಡಿಯ ಬದಿ. ಆ ಗೆರೆಯನ್ನು ಕ್ಷ ಅಡಿ ಒಳಕ್ಕೆ ಸರಿಸಿದರೆ 40 ಕ್ಷ = 400; ಕ್ಷ 10 ಅಡಿ. ಅಣ್ಣ, ನಾವು, ಮಗಳು ಮೂವರೂ ಟೇಪು ಹಿಡಿದು ಗೂಟ ಬಡಿದೆವು. ಆ ಹತ್ತು ಅಡಿಯಲ್ಲಿ ತಂದೆಯವರು ನೆಟ್ಟ ನುಗ್ಗೆಯ ಗಿಡವೂ ಅಣ್ಣನ ಪಾಲಿಗೆ ಹೋಯಿತು. ಕಾಯಿ ಇಳಿದಾಗ ಡೊಂಬಿವಲಿಗೆ ಕಳಿಸಬೇಕೆಂಬ ಷರತ್ತನ್ನು ವೈನಿಯೇ ಹಾಕಿಕೊಂಡರು.

ಗೂಟ ಬಡಿದ ಮೇಲೆ ಮಗಳು ಮತ್ತೆ ಸುತ್ತಿ ಅಳೆದಳು. ನಮ್ಮದು ಈಗ 50 ಉದ್ದ, 40 ಅಗಲ, ಸುತ್ತಳತೆ 180. ದೊಡ್ಡಪ್ಪನದು ಮೊದಲಿನ ಆಯತಕ್ಕೆ ಒಂದು ತುಂಡು ಹೊರಚಾಚಿದಂತಾಗಿ, ಸುತ್ತಳತೆ 220. "ನೋಡ್ರಿ, ಈಗ ಜಾಗಾ ಸಮ ಆತು, ಸುತ್ತು ಹೆಚ್ಚು ಕಡಿಮಿ ಆತು!" ಎಂದು ಕೂಗಿದಳು.

ಕಟ್ಟೆಯ ಮೇಲೆ ಕುಳಿತಿದ್ದ ಅವ್ವನಿಗೆ ಇದು ಅಷ್ಟಾಗಿ ರುಚಿಸಲಿಲ್ಲ. "ಹಂಗಾರ ನಿಮ್ಮಪ್ಪನ ಹಗ್ಗ ಸುಳ್ಳು ಹೇಳಿತೇನು?" ಎಂದು ಕೇಳಿದಳು.

"ಹಗ್ಗ ಸುಳ್ಳು ಹೇಳಿಲ್ಲವ್ವಾ. ಬೇಲಿ ಎಷ್ಟು ಬೇಕಂತ ಕೇಳಿದ್ದಕ್ಕ ಅದು ಖರೇನ ಹೇಳೇತಿ. ನೆಲಾ ಎಷ್ಟು ಅಂತ ನಾವ ಕೇಳಿರಲಿಲ್ಲ" ಎಂದ ಅಣ್ಣ. ಅವ್ವ ತಲೆದೂಗಿದಳು. ಅವಳ ಸಮ್ಮತಿಯೊಡನೆ ಈ ಅಳತೆಯಂತೆಯೇ ಕಾಗದ ಮಾಡಿಸುವುದೆಂದು ನಿಶ್ಚಯವಾಯಿತು. ತಂತಿಯ ಖರ್ಚು ಮಾತ್ರ ಮೊದಲು ಆಡಿದಂತೆ ಅರ್ಧರ್ಧ.

ಆ ಹಗ್ಗ ಇನ್ನೂ ಅಟ್ಟದ ಮೇಲೆ ಇದೆ. ಗಂಟುಗಳನ್ನು ಯಾರೂ ಬಿಚ್ಚಿಲ್ಲ.

ಪರಸ್ಥಳದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಇಂಥ ಬಾಯಿಮಾತಿನ ಹಂಚಿಕೆಗಳು ಇನ್ನೂ ಎಷ್ಟೋ ಇರಬಹುದು. ಮಕ್ಕಳ ಲೆಕ್ಕದ ಪುಸ್ತಕ ಮಡಿಲಿಗೆ ಬಂದಾಗ ಬೇಸರಪಡದೆ ಕುಳಿತುಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ. ಲೆಕ್ಕವನ್ನು ಮನೆಯ ಮಾತಿನಲ್ಲಿ ಹೇಳಿಸಿರಿ, ಗೊತ್ತಿಲ್ಲದ್ದಕ್ಕೆ ಕ್ಷ ಎಂದು ಹೆಸರಿಡಿಸಿರಿ, ಪ್ರದಕ್ಷಿಣೆ ಪೂರ್ತಿ ಮಾಡಿಸಿರಿ, ಕೊನೆಗೆ ತಾಳೆ ನೋಡಿಸಿರಿ. ಶಾಲೆಯಲ್ಲಿ ನಮ್ಮ ಮಗಳ ಲೆಕ್ಕಕ್ಕೆ ಹತ್ತಕ್ಕೆ ಒಂಬತ್ತು ಅಂಕ ಬಂದವು. ಒಂದು ಅಂಕ ಏಕೆ ಹೋಯಿತೆಂದು ಕೇಳಿದೆವು. ಕೇಳಿದ್ದು ಸುತ್ತಳತೆ ಮಾತ್ರ; ವಿಸ್ತೀರ್ಣದ ಸಾಲನ್ನು ಅನಗತ್ಯವಾಗಿ ಬರೆದಿದ್ದಾಳೆ ಎಂದು ಷರಾ ಇತ್ತು.